ಯಾವ ಡಿಸ್ಕು ಮೊದಲು ಸ್ವಾಮಿ?

"ಹೊಸ ಎಸ್‌ಎಸ್‌ಡಿ ಡಿಸ್ಕು ಕಳಪೆ ಮಾಲು" ಎಂದು ಸೀನ ತೀರ್ಪು ಕೊಟ್ಟುಬಿಟ್ಟಿದ್ದ. "ಹೊಸದರಲ್ಲಿ ಚೆನ್ನಾಗಿಯೇ ಓಡಿತು. ಈಗ ನೋಡಿದರೆ ಕಪ್ಪು ಪರದೆ, ಬಿಳಿ ಅಕ್ಷರ. ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್ ಅಂತೆ. ಪ್ರಾಪರ್ ಅಂತೆ! ನಾನು ಕೊಟ್ಟ ದುಡ್ಡು ಪ್ರಾಪರ್ ಅಲ್ವಾ?"

ಮೂರ್ತಿ ಆಗಲೇ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದ್ದ. ಒಳಗೆ ಫ್ಯಾನಿನ ರೆಕ್ಕೆಗೆಲ್ಲ ಆಯುಧಪೂಜೆಯ ಕುಂಕುಮ. ಒಣಗಿದ ಚೆಂಡುಹೂವಿನ ಎಸಳೊಂದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಕೂತಿತ್ತು.

"ಡಿಸ್ಕಿಗೆ ಏನೂ ಆಗಿಲ್ಲ ಕಣೋ. ಬಯಾಸ್‌ನಲ್ಲಿ, ಅಂದರೆ ಆನ್ ಮಾಡಿದ ಕೂಡಲೇ ಮದರ್‌ಬೋರ್ಡಿನಲ್ಲಿ ಮೊದಲು ಏಳುವ ಪ್ರೋಗ್ರಾಮಿನಲ್ಲಿ, ಹೆಸರು, ಸೈಜು ಎಲ್ಲ ತೋರಿಸುತ್ತಿದೆ. ಡಿಸ್ಕು ಕಾಣುವುದು ಬೇರೆ, ಅದರಿಂದ ಬೂಟ್ ಆಗುವುದು, ಅಂದರೆ ಕಂಪ್ಯೂಟರು ಏಳುವುದು, ಬೇರೆ."

"ಇದೇ ತಾನೇ ನನ್ನ ಸಿ ಡ್ರೈವ್? ಸಿ ಇಂದಲೇ ಶುರುವಾಗಬೇಕು ತಾನೇ?"

"ಮದರ್‌ಬೋರ್ಡಿಗೆ ಸಿ ಅಂದರೇನು ಅಂತಲೇ ಗೊತ್ತಿಲ್ಲ. ಅದು ವಿಂಡೋಸ್ ಎದ್ದು ಕೂತ ಮೇಲೆ ಕೊಡುವ ಹೆಸರು."

ಕಾಫಿ ಹಿಡಿದು ಬಂದ ಗಿರಿಜಕ್ಕ ಅಲ್ಲೇ ನಿಂತರು. ಬ್ಯಾಂಕಿನಲ್ಲಿ ಕಂಪ್ಯೂಟರು ಬಂದ ಕಾಲದಿಂದ ಕೆಲಸ ಮಾಡಿ ನಿವೃತ್ತರಾದವರು. "ನಮ್ಮ ಬ್ರ್ಯಾಂಚಿನಲ್ಲಿ ಎ ಇತ್ತಪ್ಪಾ. ಎ ಅಂದರೆ ಫ್ಲಾಪಿ."

"ಅದೇ ಅಕ್ಕ. 1981ರ ಐಬಿಎಂ ಪಿಸಿಯಲ್ಲಿ ಫ್ಲಾಪಿಗಳೇ ಯಜಮಾನರು, ಎ ಮತ್ತು ಬಿ. 1983ರಲ್ಲಿ ಎಕ್ಸ್‌ಟಿ ಬಂತು, 10 ಎಂಬಿ ಹಾರ್ಡ್ ಡಿಸ್ಕ್ ಹೊತ್ತುಕೊಂಡು. ಉಳಿದಿದ್ದು ಸಿ, ಅದನ್ನು ಕೊಟ್ಟರು. ಫ್ಲಾಪಿ ಹೋದರೂ ಎ, ಬಿ ತಾನಾಗಿ ಯಾರಿಗೂ ಕೊಡದೆ ಹಾಗೇ ಇಟ್ಟುಕೊಂಡಿದ್ದಾರೆ."

"ಹತ್ತು ಎಂಬಿ! ನಮ್ಮ ಫ್ಯಾಮಿಲಿ ಗ್ರೂಪಿನ ಒಂದು ಗುಡ್ ಮಾರ್ನಿಂಗ್ ವಿಡಿಯೋ ಅದರಲ್ಲಿ ಹಿಡಿಸಲ್ಲ" ಎಂದ ಸೀನ.

ಗಿರಿಜಕ್ಕ ಅವನ ಮಾತಿಗೆ ಕಿವಿ ಕೊಡಲಿಲ್ಲ. "ಸಂಜೆ ಯಾರೋ ಎ ಒಳಗೆ ಫ್ಲಾಪಿ ಮರೆತು ಹೋಗೋರು. ಬೆಳಿಗ್ಗೆ ಆನ್ ಮಾಡಿದರೆ ನಾನ್ ಸಿಸ್ಟಂ ಡಿಸ್ಕ್ ಅಂತ ಬರೋದು. ಹೊರಗೆ ಗಿರಾಕಿಗಳ ಸಾಲು. ಮ್ಯಾನೇಜರು ಇಂಜಿನಿಯರಿಗೆ ಫೋನ್ ಹಚ್ಚೋರು. ನಮ್ಮ ಅಟೆಂಡರ್ ಬಂದು ಫ್ಲಾಪಿ ಎಳೆದು ಜೇಬಿಗೆ ಹಾಕಿಕೊಳ್ಳೋನು. ಮುಗೀತು, ರಿಪೇರಿ."

"ಆ ಮರೆತ ಫ್ಲಾಪಿ ಮೇಲೆಯೇ ವೈರಸ್‌ಗಳು ಬದುಕಿದ್ದು" ಎಂದ ಮೂರ್ತಿ. "1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ ಬ್ರೇನ್ ವೈರಸ್ ಕೂತಿದ್ದು ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಕಂಪ್ಯೂಟರು ಏಳುವಾಗ ಮೊದಲು ಓದುವ ಜಾಗದಲ್ಲಿ. ನೀನು ಏನೂ ಓಪನ್ ಮಾಡಬೇಕಾಗಿಲ್ಲ. ಫ್ಲಾಪಿ ಒಳಗಿಟ್ಟು ಆನ್ ಮಾಡಿದರೆ ಸಾಕು."

"ಅದೆಲ್ಲ ಇರಲಿ" ಎಂದರು ಗಿರಿಜಕ್ಕ. "ಒಂದು ಡಬ್ಬಿಗೆ ನಾಲ್ಕು ಡಿಸ್ಕು ಸಿಕ್ಕಿಸಿರುತ್ತೀರಿ. ಯಾವುದರಿಂದ ಏಳಬೇಕು ಅಂತ ಅದಕ್ಕೆ ಹೇಳೋರು ಯಾರು?"

ಮೂರ್ತಿಗೆ ಇಂಥ ಪ್ರಶ್ನೆ ಕೇಳಬಾರದು. ಕಾಫಿ ಆರುವುದು ಗ್ಯಾರಂಟಿ.

"ಹಳೇ ಬಯಾಸ್ ಇತ್ತಲ್ಲ ಅಕ್ಕ, ಅದಕ್ಕೆ ಓದು ಬರಹ ಕಡಿಮೆ. ಸಾಲಿನಲ್ಲಿ ಮೊದಲು ನಿಂತ ಡಿಸ್ಕಿನ ಮೊದಲ 512 ಬೈಟ್ ಎತ್ತಿಕೊಳ್ಳುತ್ತದೆ. ಕೊನೆಯ ಎರಡು ಬೈಟ್ 55, ಎಎ ಆಗಿದ್ದರೆ ಮುಗೀತು, ಕಣ್ಣು ಮುಚ್ಚಿ ಅದರೊಳಗೆ ಜಿಗಿಯುತ್ತದೆ. ಒಳಗೆ ವಿಂಡೋಸ್ ಇದೆಯೋ ಇಲ್ಲವೋ, ನೋಡುವುದೇ ಇಲ್ಲ."

"ಮೊನ್ನೆ ಕಾರಿನ ಹಾಡಿನ ಪೆನ್ ಡ್ರೈವ್ ಹಿಂದೆ ಸಿಕ್ಕಿಸಿ ಮರೆತಾಗ ಅಪ್ಪನ ಹಳೇ ಕಂಪ್ಯೂಟರು ಏಳಲೇ ಇಲ್ಲ..." ಎಂದ ಸೀನ.

"ಅದಕ್ಕೇ! ಯುಎಸ್‌ಬಿ ಸಾಲಿನಲ್ಲಿ ಮುಂದಿತ್ತು. 55 ಎಎ ಅದರಲ್ಲೂ ಇರುತ್ತದೆ. ಹಾಡುಗಳ ಮಧ್ಯೆ ಹೋಗಿ ನಿಂತಿತು, ಪಾಪ."

"ಸರಿ, ಸಾಲು ಮಾಡೋರು ಯಾರು?" ಗಿರಿಜಕ್ಕ ಬಿಡುವವರಲ್ಲ.

"ಐಡಿಇ ಅನ್ನೋ ಹಳೇ ಕೇಬಲ್ಲಿನ ಕಾಲದಲ್ಲಿ ನಾವೇ. ಒಂದು ಕೇಬಲ್ಲಿಗೆ ಎರಡು ಡಿಸ್ಕು, ಒಂದು ಮಾಸ್ಟರ್, ಇನ್ನೊಂದು ಸ್ಲೇವ್. ಹಿಂದಿನ ಪಿನ್ನುಗಳಿಗೆ ಜಂಪರ್ ಅಂತ ಪುಟ್ಟ ಪ್ಲಾಸ್ಟಿಕ್ ಚೂರು ಸಿಕ್ಕಿಸಬೇಕು. ಎರಡನ್ನೂ ಮಾಸ್ಟರ್ ಮಾಡಿದರೆ ಎಷ್ಟೋ ಸಲ ಎರಡೂ ಕಾಣಿಸುತ್ತಿರಲಿಲ್ಲ. ಆ ಜಂಪರ್ ಕೆಳಗೆ ಬಿದ್ದರೆ ದೇವರೇ ಗತಿ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಿ ನಾವು ನಾಲ್ಕು ಜನ ನೆಲದ ಮೇಲೆ ಮಂಡಿಯೂರಿ ಟಾರ್ಚ್ ಹಿಡಿದು ಹುಡುಕಿದ್ದೇವೆ. ಸಾಟಾ ಅನ್ನೋ ಹೊಸ ಕೇಬಲ್ ಬಂದ ಮೇಲೆ ಡಿಸ್ಕಿಗೊಂದು ಕೇಬಲ್. ಜಗಳ ಮುಗೀತು."

"ಮುಗೀತಾ?" ಎಂದೆ ನಾನು. ಮೂರ್ತಿಯ ಬಾಯಲ್ಲಿ ಕಂಪ್ಯೂಟರಿನ ಜಗಳ ಮುಗಿದದ್ದು ನಾನು ಕೇಳಿಲ್ಲ.

"ಇಲ್ಲ. ವಿಂಡೋಸ್ ಬದಲು ಹಾಕುವ ಲಿನಕ್ಸಿನಲ್ಲಿ ಇವತ್ತು ಎಸ್‌ಡಿಎ ಆಗಿದ್ದ ಡಿಸ್ಕು ನಾಳೆ ಎಸ್‌ಡಿಬಿ ಆಗಬಹುದು. ಯಾವುದು ಮೊದಲು ಕೈ ಎತ್ತಿತೋ ಅದು ಎಸ್‌ಡಿಎ. ಅದಕ್ಕೇ ಪಾರ್ಟಿಷನ್ನಿಗೆ, ಅಂದರೆ ಡಿಸ್ಕಿನ ಒಂದೊಂದು ಭಾಗಕ್ಕೆ, ಯುಯುಐಡಿ ಅಂತ 32 ಅಕ್ಷರದ ಗುರುತು ಕೊಟ್ಟಿರುತ್ತಾರೆ. ಬುದ್ಧಿ ಇದ್ದವರು ಅದನ್ನೇ ಬರೆದಿಡುತ್ತಾರೆ. ಆದರೆ ಡಿಸ್ಕನ್ನು ಪೂರ್ತಿ ಕ್ಲೋನ್, ಅಂದರೆ ಯಥಾವತ್ ನಕಲು, ಮಾಡಿ ಎರಡನ್ನೂ ಒಟ್ಟಿಗೆ ಸಿಕ್ಕಿಸಿದರೆ ಗುರುತೂ ಒಂದೇ. ವಿಂಡೋಸ್ ಆದರೆ ಸಿಗ್ನೇಚರ್ ಕೊಲಿಶನ್ ಅಂತ ಹೇಳಿ ಒಂದನ್ನು ಆಫ್‌ಲೈನ್ ಮಾಡಿ ಕೂರಿಸುತ್ತದೆ."

"ನನ್ನದು ಕ್ಲೋನ್ ಅಲ್ಲಪ್ಪ" ಎಂದ ಸೀನ. "ಹೊಸ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕಿದ್ದು."

"ಹಾಕುವಾಗ ಹಳೇ ಹಾರ್ಡ್ ಡಿಸ್ಕ್ ಬಿಚ್ಚಿದ್ದೆಯಾ?"

"ಯಾಕೆ ಬಿಚ್ಚಬೇಕು? ತನ್ನ ಪಾಡಿಗೆ ತಾನು ಇತ್ತು."

ಮೂರ್ತಿ ಸ್ಕ್ರೂಡ್ರೈವರ್ ಕೆಳಗಿಟ್ಟ. "ಹಳೇ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದ ಮೇಲೆ 512 ಬೈಟಿನ ಕಥೆ ಹೋಯಿತು. ಈಗ ಡಿಸ್ಕಿನಲ್ಲಿ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಅಂತ ಒಂದು ಸಣ್ಣ ಜಾಗ, ಫ್ಯಾಟ್32. ವಿಂಡೋಸನ್ನು ಎಬ್ಬಿಸುವ ಬೂಟ್ ಮ್ಯಾನೇಜರ್ ಇರುವುದು ಅಲ್ಲಿ. ಇಂಥ ಪಾರ್ಟಿಷನ್ನಿನ ಇಂಥ ಫೈಲು ಅಂತ ಮದರ್‌ಬೋರ್ಡು ತನ್ನ ಮೆಮೊರಿಯಲ್ಲಿ ಬರೆದುಕೊಳ್ಳುತ್ತದೆ. ನೀನು ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಹಳೇ ಡಿಸ್ಕಿನಲ್ಲಿ ಅಂಥ ಜಾಗ ಆಗಲೇ ಇತ್ತು. ಇನ್‌ಸ್ಟಾಲರ್ ಹೊಸದನ್ನು ಮಾಡುವ ಗೋಜಿಗೇ ಹೋಗಿಲ್ಲ. ಸಂಸಾರ ಹೊಸ ಮನೆಯಲ್ಲಿ, ಬೀಗದ ಕೈ ಹಳೇ ಮನೆಯ ಮೊಳೆಯಲ್ಲಿ."

ನನ್ನನ್ನು ಕೇಳಿದರೆ, "ಕೈ ಎಲ್ಲಿಡಲಿ ಸ್ವಾಮಿ" ಎಂದು ಒಂದು ಮಾತು ಕೇಳಿದ್ದರೆ ಆ ಇನ್‌ಸ್ಟಾಲರಿನ ಅಪ್ಪನ ಗಂಟೇನು ಹೋಗುತ್ತಿತ್ತು? ಬೇಡದ್ದೆಲ್ಲ ಕೇಳುತ್ತದೆ. ಕೀಬೋರ್ಡ್ ಯಾವುದು, ಯಾವ ದೇಶ. ಇದೊಂದು ಬಿಟ್ಟು.

"ಹಳೇ ಡಿಸ್ಕ್ ಎಲ್ಲಿ?" ಎಂದರು ಗಿರಿಜಕ್ಕ.

ಸೀನ ಸೀಲಿಂಗ್ ನೋಡಿದ. "ಬಾಮೈದನಿಗೆ ಕೊಟ್ಟೆ. ಗೃಹಪ್ರವೇಶಕ್ಕೆ."

"ಗೃಹಪ್ರವೇಶಕ್ಕೆ ಹಳೇ ಹಾರ್ಡ್ ಡಿಸ್ಕಾ?"

"ಒಂದು ಟಿಬಿ ಅಕ್ಕ!"

ಮೂರ್ತಿ ಚೀಲದಿಂದ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್ ತೆಗೆದು ಸಿಕ್ಕಿಸಿದ. ಶಿಫ್ಟ್ ಎಫ್10 ಒತ್ತಿದ, ಕಪ್ಪು ಕಿಟಕಿ ತೆರೆಯಿತು. ಡಿಸ್ಕನ್ನು ಭಾಗ ಮಾಡುವ ಡಿಸ್ಕ್‌ಪಾರ್ಟ್ ಕರೆದು ಎಸ್‌ಎಸ್‌ಡಿಯ ದೊಡ್ಡ ಪಾರ್ಟಿಷನ್ನನ್ನು ಸ್ವಲ್ಪ ಕುಗ್ಗಿಸಿ, ಮಿಕ್ಕ ಜಾಗದಲ್ಲಿ 260 ಎಂಬಿಯ ಇಎಫ್‌ಐ ಪಾರ್ಟಿಷನ್ ಮಾಡಿದ. ಫ್ಯಾಟ್32 ಫಾರ್ಮ್ಯಾಟ್ ಮಾಡಿ ಎಸ್ ಅಂತ ಅಕ್ಷರ ಕೊಟ್ಟ.

"ನೋಡು ನಿನ್ನ ಸಿ ಡ್ರೈವ್. ಇಲ್ಲಿ ಅದು ಡಿ ಆಗಿದೆ."

"ಡಿ ಯಾಕೆ? ಯಾರು ಮಾಡಿದ್ದು?"

"ಹೆಸರು ಕೊಡೋರು ಬೇರೆ ಅಂತ ಆಗಲೇ ಹೇಳಿದೆನಲ್ಲ. ಸುಮ್ನೆ ಇರು." ಬಿಸಿಡಿಬೂಟ್ ಎಂದು ಟೈಪ್ ಮಾಡಿ, ವಿಂಡೋಸ್ ಎಲ್ಲಿದೆ, ಫೈಲು ಎಲ್ಲಿಗೆ ಹೋಗಬೇಕು ಅಂತ ಹೇಳಿ ಎಂಟರ್ ಒತ್ತಿದ. ಬೂಟ್ ಫೈಲುಗಳು ಯಶಸ್ವಿಯಾಗಿ ತಯಾರಾದವು ಅಂತ ಒಂದು ಸಾಲು ಬಂತು. ಪೆನ್ ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದರೆ, ಸೀನನ ಮಗಳ ನಾಮಕರಣದ ಫೋಟೋ ಸಮೇತ ಡೆಸ್ಕ್‌ಟಾಪ್ ಹಾಜರ್.

"ಮಾಲು ಒಳ್ಳೇದೇ ಬಿಡು" ಎಂದ ಸೀನ, ಎಸ್‌ಎಸ್‌ಡಿಯನ್ನು ತಾನೇ ತಯಾರು ಮಾಡಿದವನ ಹಾಗೆ.

ಅಷ್ಟರಲ್ಲಿ ಫೋನ್ ಬಂತು. ಬಾಮೈದ. ಸ್ಪೀಕರಿಗೆ ಹಾಕಿದ.

"ಭಾವ, ನೀವು ಕೊಟ್ಟ ಡಿಸ್ಕು ಸಿಕ್ಕಿಸಿದ ಮೇಲೆ ನಮ್ಮ ಕಂಪ್ಯೂಟರು ಏಳುತ್ತಿಲ್ಲ. ನೀಲಿ ಪರದೆ. ಬೇಕಾದ ಡಿವೈಸ್ ಕನೆಕ್ಟ್ ಆಗಿಲ್ಲ ಅನ್ನುತ್ತಿದೆ."

ಮೂರ್ತಿ ಫೋನ್ ಕಸಿದುಕೊಂಡ. "ನಿಮ್ಮ ಮದರ್‌ಬೋರ್ಡು ಅದನ್ನು ಸಾಲಿನಲ್ಲಿ ಮುಂದೆ ಕೂರಿಸಿರಬೇಕು. ಬೂಟ್ ಮೆನು ತೆರೆದು ನಿಮ್ಮ ಡಿಸ್ಕನ್ನು ಆರಿಸಿ."

"ಸರಿ. ಆದರೆ ಅದಕ್ಕೆ ಬೇಕಾಗಿರೋ ಡಿವೈಸ್ ಯಾವುದು ಸರ್?"

"ನಿಮ್ಮ ಭಾವನ ಎಸ್‌ಎಸ್‌ಡಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಾಮೈದ ಕೇಳಿದ: "ಹಾಗಾದರೆ ಅದನ್ನು ಯಾವಾಗ ಕೊಡುತ್ತೀರಿ ಭಾವ?"