ಸಹಾಯ ಬೇಕು: ನಿಂತಲ್ಲೇ ಬ್ಯಾಟರಿ ಖಾಲಿಯಾಗುವ ಸ್ಪೋರ್ಟ್ಸ್ ಕಾರು

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಇದೆ. ಮಳೆಗಾಲದಲ್ಲಿ ಬೆಂಗಳೂರಿನ ಗುಂಡಿಗಳಿಗೆ ಅದನ್ನು ಇಳಿಸಲು ಮನಸ್ಸು ಬಾರದು. ವಾರಗಟ್ಟಲೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೇ ನಿಂತಿರುತ್ತದೆ. ಹೊರತೆಗೆಯಲು ಹೋದರೆ ಬ್ಯಾಟರಿ ಪೂರ್ತಿ ಸತ್ತಿರುತ್ತದೆ. ಬ್ಯಾಟರಿ ಇರುವುದು ಮುಂಭಾಗದ ಡಿಕ್ಕಿಯಲ್ಲಿ. ಆ ಡಿಕ್ಕಿ ತೆರೆಯಲೂ ಕರೆಂಟ್ ಬೇಕು! ಪ್ರತಿ ಸಲವೂ ಫ್ಯೂಸ್ ಪೆಟ್ಟಿಗೆಯ ತುರ್ತು ಟರ್ಮಿನಲ್‌ಗೆ ಬೇರೆ ಬ್ಯಾಟರಿಯ ತಂತಿ ಕೊಟ್ಟು ತೆರೆಯಬೇಕು.

ಬ್ಯಾಟರಿ 60 ಆಂಪಿಯರ್-ಅವರ್‌ನ ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ, ಮುಚ್ಚಿದ ಬ್ಯಾಟರಿ), ಹೊಸದೇ. ಲಾಕ್ ಮಾಡಿ ಒಂದು ಗಂಟೆ ಬಿಟ್ಟು ಮೆಕ್ಯಾನಿಕ್ ಅಳೆದಾಗ, ಅಲಾರಂ ಮತ್ತು ಕೀ ರಿಸೀವರ್ ಸೇರಿ 50 ಮಿಲಿಆಂಪಿಯರ್ ಎಳೆಯುತ್ತಿದ್ದವು. ಇದು ಸಹಜ ಮಿತಿಯೊಳಗೇ ಇದೆ ಎಂದರು. ಆದರೂ ದಿನಕ್ಕೆ 1.2 ಆಂಪಿಯರ್-ಅವರ್ ಎಂದರೆ 25 ದಿನಕ್ಕೆ ಅರ್ಧ ಬ್ಯಾಟರಿ ಹೋಯಿತು.

ಎಜಿಎಂಗೆ ಹೊಂದುವ, ತುಂಬಿದ ಮೇಲೆ ತಾನೇ ತಗ್ಗುವ ಮೇಂಟೇನರ್ ಚಾರ್ಜರ್ ತಿಂಗಳುಗಟ್ಟಲೆ ಹಾಕಿಟ್ಟವರು ಯಾರಾದರೂ ಇದ್ದೀರಾ? ಯಾವುದು, ಎಷ್ಟು ಆಂಪಿಯರ್‌ನದು? ನನ್ನ ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ಮನೆಯ ಮೀಟರಿನಿಂದ ಲೈನ್ ಎಳೆಸಲು ಸಂಘವನ್ನು ಒಪ್ಪಿಸಿದವರು ದಯವಿಟ್ಟು ದಾರಿ ಹೇಳಿ. ನೆಲಮಾಳಿಗೆಗೆ ಬಿಸಿಲಿಲ್ಲ, ಹಾಗಾಗಿ ಸೋಲಾರ್ ಚಾರ್ಜರ್ ಆಗದು.

ಖಾಲಿಯಾಗದಂತೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಲು ನನಗೆ ಭಯ. ಈ ಕಾರಿನ ಬಾಗಿಲ ಗಾಜಿಗೆ ಚೌಕಟ್ಟಿಲ್ಲ; ಹಿಡಿ ಎಳೆದಾಗ ಗಾಜು ಒಂದಿಷ್ಟು ಕೆಳಗಿಳಿದು ರಬ್ಬರಿನಿಂದ ಬಿಡಿಸಿಕೊಳ್ಳುತ್ತದೆ. ಕರೆಂಟ್ ಇಲ್ಲದಿದ್ದರೆ ಅಂಚು ಉಜ್ಜಿ ರಬ್ಬರ್ ಕಿತ್ತುಬರುತ್ತದೆ. ಹತ್ತು ನಿಮಿಷ ಎಂಜಿನ್ ಸುಮ್ಮನೆ ಓಡಿಸುವುದರಿಂದ ಹೆಚ್ಚೇನೂ ಚಾರ್ಜ್ ಆಗುವುದಿಲ್ಲ, ಆ ಸಲಹೆ ಬೇಡ. ಬಳಸಿ ನೋಡಿದವರ ಮಾತು ಬೇಕು.