ಎರಡು ದಿನದ ನಾಯಕತ್ವ ಶಿಬಿರ: ಏನು ಇಡಬೇಕು, ಏನು ಬಿಡಬೇಕು?

ಕೇಳಿದವರು: ಅತಿಥಿ ಉಪನ್ಯಾಸಕಿ

ನಾನು ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ಎಂ.ಎ., ಎಂ.ಕಾಂ. ಮಕ್ಕಳು ಸೇರಿ ಸುಮಾರು 40 ಜನರನ್ನು ಒಂದು ಹಳ್ಳಿಗೆ ಕರೆದುಕೊಂಡು ಹೋಗಿ ಶಿಬಿರ ಮಾಡಲು ಹೇಳಿದ್ದಾರೆ. ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ. ವಿಷಯ ‘ಸಾಮಾಜಿಕ ಜವಾಬ್ದಾರಿ ಮತ್ತು ನಾಯಕತ್ವ’. ಕೈಗೆ ಬಂದಿರುವ ಪಟ್ಟಿಯಲ್ಲಿ ಎಂಟು ಭಾಷಣ, ಒಂದು ಯೋಗ, ಒಂದು ಶ್ರಮದಾನ ಇದೆ. ಇದರಿಂದ ಮಕ್ಕಳಿಗೆ ಏನಾದರೂ ಸಿಗುತ್ತದಾ? ಮಾಡಿಸಿದವರು, ಹೋಗಿ ಬಂದವರು ದಯವಿಟ್ಟು ಹೇಳಿ.

ನಿವೃತ್ತ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿ, ಹಾಸನ ಕಡೆ

ಎಂಟರಲ್ಲಿ ಆರು ಭಾಷಣ ಹೊಡೆದುಹಾಕಿ ಮೇಡಂ. ಉಳಿದ ಎರಡನ್ನೂ ಮುಕ್ಕಾಲು ಗಂಟೆಗೆ ನಿಲ್ಲಿಸಿ.

ನಮ್ಮ ಕಾಲೇಜುಗಳಲ್ಲಿ ಶಿಬಿರ ಅಂದರೆ ಎಲ್ಲರ ತಲೆಯಲ್ಲೂ ಎನ್ನೆಸ್ಸೆಸ್ ಅಚ್ಚೇ ಇರುತ್ತದೆ. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಬೌದ್ಧಿಕ ಅಂದರೆ ಉಪನ್ಯಾಸ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಎನ್ನೆಸ್ಸೆಸ್ ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಏಳು ದಿನ ಇದ್ದರೆ ಮೊದಲ ಎರಡು ದಿನ ಹೊಂದಿಕೊಳ್ಳುವುದಕ್ಕೇ ಹೋದರೂ ಚಿಂತೆಯಿಲ್ಲ. ನಿಮಗೆ ಇರುವುದೇ ಎರಡು ದಿನ. ಆ ಅಚ್ಚನ್ನು ಇಲ್ಲಿ ಒತ್ತಲು ಹೋದರೆ ಉದ್ಘಾಟನೆ, ಸಮಾರೋಪ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ನನ್ನ ಲೆಕ್ಕದಲ್ಲಿ ಬಹಳ ಮುಖ್ಯವಾದದ್ದು ದುಡ್ಡು ಮತ್ತು ಅಡುಗೆಮನೆ. ಊಟದ ದುಡ್ಡನ್ನು ಶುಕ್ರವಾರ ಸಂಜೆಯೇ ಮಕ್ಕಳ ಸಮಿತಿಯ ಕೈಗೆ ಕೊಟ್ಟುಬಿಡಿ. ಏನು ಅಡುಗೆ, ಎಷ್ಟು ಸಾಮಾನು, ಎಲ್ಲಿಂದ ತರೋದು ಎಲ್ಲ ಅವರದ್ದೇ ತೀರ್ಮಾನ. ಒಂದು ಎಚ್ಚರಿಕೆ: ಹಳ್ಳಿ ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ಲು ಸಿಗುವುದಿಲ್ಲ. ಕೈಬರಹದ ಚೀಟಿ ನಡೆಯುತ್ತದಾ ಅಂತ ಲೆಕ್ಕಪತ್ರ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಕೊನೆಗೆ ನಿಮ್ಮ ಕೈಯಿಂದಲೇ ಹೋಗುತ್ತದೆ.

ಕೆಲಸ ಹಂಚುವುದು ಚೀಟಿ ಎತ್ತಿಯೇ ಆಗಬೇಕು. ‘ನೀವೇ ಮಾಡಿಕೊಳ್ಳಿ’ ಅಂತ ಬಿಟ್ಟರೆ ಹುಡುಗಿಯರು ಈರುಳ್ಳಿ ಹೆಚ್ಚುತ್ತಾರೆ, ಹುಡುಗರು ಮೈಕ್ ಹಿಡಿಯುತ್ತಾರೆ. ಎಲ್ಲಾ ಶಿಬಿರದಲ್ಲೂ ಇದೇ ಕಥೆ. ಚೀಟಿಯಲ್ಲಿ ಬಂದರೆ ಯಾರೂ ತಕರಾರು ಎತ್ತುವಂತಿಲ್ಲ. ಯಾರು ಯಾರ ಕೈಯಲ್ಲಿ ಊಟ ಮಾಡುತ್ತಾರೆ, ಯಾರು ಪಾತ್ರೆ ಮುಟ್ಟುವುದಿಲ್ಲ ಅನ್ನುವುದೂ ಅಲ್ಲೇ ಕಾಣುತ್ತದೆ. ಜಾತಿಯ ಬಗ್ಗೆ ಭಾಷಣ ಕೇಳಿ ತಲೆಯಾಡಿಸುವುದು ಸುಲಭ, ಪಂಕ್ತಿಯಲ್ಲಿ ಪಕ್ಕ ಕೂರುವುದು ಬೇರೆ.

ರಾತ್ರಿ ಊಟದ ಮೇಲೆ ಅರ್ಧ ಗಂಟೆ ಅವರದ್ದೇ ಸಭೆ. ಇವತ್ತು ಏನು ಕೆಟ್ಟಿತು, ನಾಳೆ ಏನು ಬದಲಿಸೋಣ, ಅಷ್ಟೇ. ನೀವು ಹಿಂದಿನ ಸಾಲಿನಲ್ಲಿ ಕೂತಿರಿ. ಸಾಂಬಾರಿಗೆ ಉಪ್ಪು ಜಾಸ್ತಿಯಾಗಿದ್ದರೂ ಬಾಯಿ ಹಾಕಬೇಡಿ. ಮೇಷ್ಟ್ರುಗಳಿಗೆ ಇದೇ ಅತಿ ಕಷ್ಟದ ಕೆಲಸ!

ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಮಧ್ಯ ಕರ್ನಾಟಕ

ಪಂಚಾಯ್ತಿ ಕಡೆಯಿಂದ ಹೇಳುತ್ತೇನೆ. ಮೊದಲು ಕ್ಯಾಲೆಂಡರ್ ನೋಡಿ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ. ಬಹಳ ಜನ ಅದೇ ಶನಿವಾರ ಬಂದು ‘ಯಾರೂ ಸಿಗಲಿಲ್ಲ’ ಅಂತ ಬೇಜಾರಾಗಿ ಹೋಗುತ್ತಾರೆ. ಮೊದಲನೇ ಅಥವಾ ಮೂರನೇ ಶನಿವಾರ ಇಟ್ಟುಕೊಳ್ಳಿ, ವಾರದ ಮುಂಚೆ ಒಂದು ಪತ್ರ ಕೊಡಿ.

ಶ್ರಮದಾನದ ಬಗ್ಗೆ ನೇರವಾಗಿ ಹೇಳಲಾ? ನಮ್ಮ ಬೀದಿ ಗುಡಿಸಬೇಡಿ. ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡು ಹೋಗುವವರು ಬೇಕಾದಷ್ಟು ಜನ ಬಂದಿದ್ದಾರೆ. ಮಂಗಳವಾರದ ಹೊತ್ತಿಗೆ ಅದೇ ಜಾಗದಲ್ಲಿ ಅದೇ ಕಸ. ಅದರ ಬದಲು ಕಚೇರಿಗೆ ಬಂದು ಕ್ರಿಯಾ ಯೋಜನೆ, ಗ್ರಾಮಸಭೆಯ ನಡಾವಳಿ ಪುಸ್ತಕ ಕೇಳಿ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಆರು ತಿಂಗಳಿಗೆ ಒಂದು ಸಲವಾದರೂ ಗ್ರಾಮಸಭೆ ಆಗಬೇಕು. ಎಷ್ಟು ಜನ ಬಂದಿದ್ದರು, ಯಾವ ಬೀದಿಯವರ ಬೇಡಿಕೆ ಪಟ್ಟಿಗೆ ಬಂತು, ಯಾವುದು ಬರಲೇ ಇಲ್ಲ ಅಂತ ಮಕ್ಕಳೇ ಓದಲಿ. ಆಮೇಲೆ ಆ ಬೀದಿಗೆ ನಡೆದು ಹೋಗಲಿ. ಚರಂಡಿ ಏಕೆ ಇಲ್ಲ ಅನ್ನುವ ಪ್ರಶ್ನೆಗೆ ಕಾಗದದಲ್ಲಿ ಒಂದು ಉತ್ತರ ಇರುತ್ತದೆ, ಬೀದಿಯಲ್ಲಿ ಇನ್ನೊಂದು. ಎರಡನ್ನೂ ಹೊಂದಿಸಿ ನೋಡುವಷ್ಟಾದರೆ ಸಾಕು, ನಿಮ್ಮ ಶನಿವಾರ ಸಾರ್ಥಕ.

ಇನ್ನೊಂದು. ಪಂಚಾಯ್ತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಈಗಿನ ಅಥವಾ ಹಿಂದಿನ ಸದಸ್ಯೆಯೊಬ್ಬರ ಜೊತೆ ಒಂದು ಗಂಟೆ ಕೂರಿಸಿ. ಆದರೆ ಅವರ ಯಜಮಾನರು ಬಂದು ಉತ್ತರ ಕೊಡಲು ಶುರು ಮಾಡಿದರೆ, ‘ಅಕ್ಕ, ನೀವೇ ಹೇಳಿ’ ಅನ್ನುವ ಧೈರ್ಯ ನಿಮ್ಮ ವಿದ್ಯಾರ್ಥಿಗಳಿಗೆ ಇರಬೇಕು.

ಉದ್ಘಾಟನೆಯ ಬಗ್ಗೆ ಮೇಲಿನ ಸರ್ ಬೇಸರದಿಂದ ಹೇಳಿದ್ದಾರೆ, ಆದರೆ ಅದನ್ನು ಪೂರ್ತಿ ತೆಗೆಯಬೇಡಿ. ಊರಿನವರನ್ನು ಕರೆಯದೆ ಊರಿನಲ್ಲಿ ಶಿಬಿರ ಮಾಡಿದರೆ ಜನ ದೂರ ನಿಲ್ಲುತ್ತಾರೆ. ಹತ್ತು ನಿಮಿಷ ಸಾಕು. ಹಾರ ಶಾಲು ಬೇಡ.

ತರಬೇತುದಾರೆ, ಬೆಂಗಳೂರು

ಹೆಜ್ಜೆ ಮುಂದಿಡುವ ಆಟವನ್ನು ಯಾರಾದರೂ ಖಂಡಿತ ಸೂಚಿಸುತ್ತಾರೆ. ಎಲ್ಲರೂ ಸಾಲಾಗಿ ನಿಲ್ಲುವುದು, ಒಂದೊಂದು ವಾಕ್ಯ ಓದಿದಾಗ ಅದು ತಮಗೆ ಅನ್ವಯಿಸಿದರೆ ಒಂದು ಹೆಜ್ಜೆ ಮುಂದೆ ಹೋಗುವುದು. ಒಳ್ಳೆಯ ಆಟ. ಆದರೆ ಮಕ್ಕಳ ಸ್ವಂತ ಬದುಕಿನ ಮೇಲೆ ಆಡಿಸಬೇಡಿ. ಕೊನೆಯಲ್ಲಿ ಹಿಂದೆ ಉಳಿಯುವವರು ಯಾರು ಅಂತ ತರಗತಿಗೆ ಮೊದಲೇ ಗೊತ್ತಿರುತ್ತದೆ. ಅವರನ್ನು ಎಲ್ಲರೆದುರು ನಿಲ್ಲಿಸಿ ಉಳಿದವರಿಗೆ ಪಾಠ ಕಲಿಸಿದಂತೆ ಆಗುತ್ತದೆ.

ಬದಲಿಗೆ ಪಾತ್ರದ ಚೀಟಿ ಕೊಡಿ. ಪೌರಕಾರ್ಮಿಕ ಮಹಿಳೆ, ಅಡಿಕೆ ತೋಟದ ಮಾಲೀಕ, ಗಾಲಿಕುರ್ಚಿಯಲ್ಲಿ ಓಡಾಡುವ ವಿದ್ಯಾರ್ಥಿನಿ, ರಾಯಚೂರಿನಿಂದ ಗುಳೆ ಬಂದ ಕೂಲಿ, ಬ್ಯಾಂಕ್ ಮ್ಯಾನೇಜರ್. ಆಮೇಲೆ ವಾಕ್ಯ ಓದಿ: ‘ಊರಿನ ಯಾವ ಮನೆಯೊಳಗೆ ಹೋಗಿಯಾದರೂ ನೀರು ಕೇಳಬಹುದು.’ ‘ಗ್ರಾಮಸಭೆಯಲ್ಲಿ ಎದ್ದು ಮಾತಾಡಿದರೆ ಜನ ಕೇಳುತ್ತಾರೆ.’ ‘ಹುಷಾರಿಲ್ಲ ಅಂತ ಒಂದು ವಾರ ಮಲಗಿದರೂ ಮನೆ ನಡೆಯುತ್ತದೆ.’ ಆಟಕ್ಕೆ ಇಪ್ಪತ್ತು ನಿಮಿಷ, ಮಾತಿಗೆ ಒಂದು ಗಂಟೆ. ಇದನ್ನು ರಾತ್ರಿ ಇಡಬೇಡಿ. ಮನಸ್ಸು ಕಲಕಿದವರು ಹಾಗೇ ಹೋಗಿ ಮಲಗುವಂತೆ ಆಗಬಾರದು.

ಓದಲು ಏನಾದರೂ ಬೇಕಿದ್ದರೆ, ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ರೂಪಿಸಿದ ‘ಸೋಷಿಯಲ್ ಚೇಂಜ್ ಮಾಡೆಲ್’ ಎಂಬ ಒಂದು ಮಾದರಿ ಇದೆ, ವಿದ್ಯಾರ್ಥಿಗಳಿಗಾಗಿಯೇ ಮಾಡಿದ್ದು. ಅದು ನಾಯಕತ್ವವನ್ನು ಹುದ್ದೆ ಅನ್ನುವುದಿಲ್ಲ, ಸೇರಿ ಬದಲಾವಣೆ ತರುವ ಕೆಲಸ ಅನ್ನುತ್ತದೆ. ಅದರಲ್ಲಿರುವ ಮೌಲ್ಯಗಳಲ್ಲಿ ಒಂದು, ಮರ್ಯಾದೆ ಬಿಡದೆ ಜಗಳವಾಡುವುದು. ನಮ್ಮ ಶಿಬಿರಗಳಲ್ಲಿ ಇದಕ್ಕೆ ಜಾಗವೇ ಇಲ್ಲ. ಯಾರಾದರೂ ಎದುರು ಮಾತಾಡಿದರೆ ‘ಶಿಸ್ತಿಲ್ಲ’ ಅಂದುಬಿಡುತ್ತೇವೆ.

ಹಿರಿಯರೊಬ್ಬರು, ಮೈಸೂರು

ಭಾಷಣ ತೆಗೆಯಿರಿ, ಹಾಡು ತೆಗೆಯಬೇಡಿ. ಎಸ್.ಎನ್. ಸುಬ್ಬರಾವ್ ಹೆಸರು ಕೇಳಿದ್ದೀರಾ? ಬೆಂಗಳೂರಿನಲ್ಲಿ ಹುಟ್ಟಿದವರು, ಎಲ್ಲರಿಗೂ ‘ಭಾಯೀಜಿ’. 1972ರಲ್ಲಿ ಮಧ್ಯಪ್ರದೇಶದ ಜೌರಾದಲ್ಲಿ ಚಂಬಲ್ ಡಕಾಯಿತರು ಶರಣಾದಾಗ ಅದರ ಹಿಂದೆ ಅವರ ದುಡಿಮೆಯೂ ಇತ್ತು. 2021ರಲ್ಲಿ ತೀರಿಕೊಳ್ಳುವವರೆಗೂ ಯುವಜನರ ಶಿಬಿರವೇ ಅವರ ಜೀವನ. ಬೇರೆ ಬೇರೆ ರಾಜ್ಯದ ಹುಡುಗರು ಒಟ್ಟಿಗೆ ಮಣ್ಣು ಹೊರುವುದು, ಒಟ್ಟಿಗೆ ಹಾಡುವುದು. ಪರಿಚಯ ಆಗುವುದೇ ಹೀಗೆ. ಸುಮ್ನೆ ವೃತ್ತದಲ್ಲಿ ಕೂರಿಸಿ ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಎಲ್ಲರೂ ಹೆಸರು, ಊರು, ಹವ್ಯಾಸ ಹೇಳಿ ಕೂರುತ್ತಾರೆ.

ವಿದ್ಯಾರ್ಥಿ, ಎಂ.ಎ. ಎರಡನೇ ವರ್ಷ

ನಾನು ಇಂಥದ್ದಕ್ಕೆ ಹೋಗಿ ಬಂದವನು. ಮೊದಲ ಮಾತು, ಶನಿವಾರ ಭಾನುವಾರ ನಮ್ಮಲ್ಲಿ ಎಷ್ಟೋ ಜನ ಕೇಟರಿಂಗ್ ಕೆಲಸಕ್ಕೆ, ಮೊಬೈಲ್ ಅಂಗಡಿಗೆ ಹೋಗುತ್ತೇವೆ. ಆ ದುಡ್ಡಿನಲ್ಲೇ ಹಾಸ್ಟೆಲ್ ಖರ್ಚು. ಒಂದು ತಿಂಗಳ ಮುಂಚೆ ತಿಳಿಸಿ. ಬರದವರಿಗೆ ‘ಜವಾಬ್ದಾರಿ ಇಲ್ಲ’ ಅನ್ನಬೇಡಿ.

ಹುಡುಗಿಯರ ಮನೆಯವರಿಗೆ ನೀವೇ ಫೋನ್ ಮಾಡಿ ಮೇಡಂ, ಪತ್ರಕ್ಕಿಂತ ಅದು ಕೆಲಸ ಮಾಡುತ್ತದೆ. ಮಲಗುವ ಜಾಗ, ಬಚ್ಚಲು, ನೀರು ಮೊದಲೇ ಹೋಗಿ ನೋಡಿ ಬನ್ನಿ.

ನಮ್ಮ ಶಿಬಿರದಲ್ಲಿ ಕೊನೆಯ ದಿನ ಎಲ್ಲರೂ ‘ಇನ್ನು ಮುಂದೆ ಸಮಾಜಕ್ಕಾಗಿ’ ಅಂತ ಪ್ರತಿಜ್ಞೆ ಮಾಡಿದೆವು. ಸೋಮವಾರ ಇಂಟರ್ನಲ್ಸ್ ಪರೀಕ್ಷೆ ಇತ್ತು, ಪ್ರತಿಜ್ಞೆ ಅಲ್ಲಿಗೇ ಮುಗೀತು. ನನಗೆ ಉಳಿದಿದ್ದು ಒಂದೇ: ನಮ್ಮ ಗುಂಪು ಆ ಊರಿನ ಶಾಲೆಯ ಶೌಚಾಲಯದ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಕೇಳಿದರೆ ಸುಲಭ ಅನಿಸುತ್ತದೆ. ಬರೆಯಲು ಕೂತಾಗ ನಮಗೆ ಏನು ಬೇಕು ಅನ್ನುವುದೇ ಗೊತ್ತಿರಲಿಲ್ಲ, ಅದಕ್ಕೇ ಒಂದು ಸಂಜೆ ಜಗಳ ನಡೆಯಿತು. ಉತ್ತರಕ್ಕೆ 30 ದಿನ ಕಾಲಾವಕಾಶ ಇರುವುದರಿಂದ ಗುಂಪೂ ಅಷ್ಟು ದಿನ ಒಟ್ಟಿಗೆ ಉಳಿಯಿತು. ಭಾನುವಾರ ಪ್ರತಿಜ್ಞೆಯ ಜಾಗದಲ್ಲಿ ಇದನ್ನಿಡಿ. ಅರ್ಜಿಗೆ ಸಹಿ ಮಾಡುವವರ ವಿಳಾಸ ಬೇಕಾಗುತ್ತದೆ, ಯಾರದ್ದು ಅಂತ ಅಲ್ಲೇ ತೀರ್ಮಾನ ಮಾಡಿಸಿ. ಊರಿನವರ ಹೆಸರು ಹಾಕಬೇಡಿ, ಅಲ್ಲಿ ಬದುಕಬೇಕಾದವರು ಅವರು.