‘ಕಟ್‌ಆಫ್’ ಎಂಬುದು ಕನಿಷ್ಠ ಅಂಕವೋ, ಕೊನೆಯ ಅಂಕವೋ?

ಮಾನ್ಯರೇ,

ಮೈಸೂರಿನ ಸರಸ್ವತಿಪುರಂನಲ್ಲಿರುವ ನನ್ನ ಅಕ್ಕನ ಮಗ ಕೆನಡಾಕ್ಕೆ ಹೋಗಿ ನೆಲೆಸುವ ಆಸೆಯಿಂದ ಅಲ್ಲಿನ ಸರ್ಕಾರ ಅಂಕ ಕೊಟ್ಟು ವಲಸಿಗರನ್ನು ಆರಿಸುವ ‘ಎಕ್ಸ್‌ಪ್ರೆಸ್ ಎಂಟ್ರಿ’ಯಲ್ಲಿ ಹೆಸರು ದಾಖಲಿಸಿ ಕಾಯುತ್ತಿದ್ದಾನೆ. ಆ ಪದ್ಧತಿಯನ್ನು ಮನೆಯವರಿಗೆ ತಿಳಿಯುವಂತೆ ಎರಡು ಪುಟ ಕನ್ನಡದಲ್ಲಿ ಬರೆದುಕೊಡಲು ಕುಳಿತ ನಾನು ‘ಕಟ್‌ಆಫ್’ ಎಂಬ ಒಂದೇ ಮಾತಿನಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ‘ಕನಿಷ್ಠ ಅಂಕ’ ಎಂದು ಬರೆದೆ. ಅದನ್ನು ಓದಿದ ಅಕ್ಕ, “67 ಬಂದ್ರೆ ಸಾಕು ಅಂತಿದ್ನಲ್ಲೋ, ನೀನು 500ರ ಮೇಲೆ ಅಂತ ಬರ್ದಿದೀಯಲ್ಲ?” ಎಂದಳು. ಅವಳ ಗೊಂದಲ ನ್ಯಾಯವಾದದ್ದೇ. ನುರಿತ ಕೆಲಸಗಾರರ ವಿಭಾಗದಲ್ಲಿ ಅರ್ಹತೆಗೆ 100ಕ್ಕೆ 67 ಅಂಕ ಬೇಕು. ನಿಯಮದಲ್ಲೇ ಗೊತ್ತುಮಾಡಿರುವ ಆ 67 ನಿಜವಾದ ಕನಿಷ್ಠ ಅಂಕ. ಹಾಗೆ ಅರ್ಹರಾದವರನ್ನು 1200 ಅಂಕಗಳ ಬೇರೊಂದು ಅಳತೆಯಲ್ಲಿ ಸಾಲಾಗಿ ನಿಲ್ಲಿಸಿ, ಈ ಸಲ ಇಷ್ಟು ಮಂದಿ ಎಂದು ತೀರ್ಮಾನಿಸಿ, ಕಾಯಂ ವಾಸಕ್ಕೆ ಅರ್ಜಿ ಹಾಕಿರೆಂದು ಮೇಲಿನಿಂದ ಕರೆಯುತ್ತ ಬಂದಾಗ ಕಡೆಯವರ ಅಂಕ ಎಷ್ಟಿರುತ್ತದೆಯೋ ಅದು ಕಟ್‌ಆಫ್. ಆದ್ದರಿಂದ ‘ಕೊನೆಯ ಅಂಕ’ ಎಂಬುದೇ ಸರಿಯೆಂದು ನನಗೆ ತೋರುತ್ತದೆ. ಆ ಅಂಕದಲ್ಲಿ ಹಲವರು ಸಮನಾಗಿದ್ದರೆ ವಿವರವನ್ನು ಮೊದಲು ಸಲ್ಲಿಸಿದವರಿಗಷ್ಟೇ ಕರೆ ಬರುವುದರಿಂದ, ಆ ಅಂಕವಿದ್ದೂ ಹೊರಗುಳಿಯುವವರಿದ್ದಾರೆ. ‘ಕನಿಷ್ಠ’ ಎಂಬ ಮಾತು ಇಲ್ಲಿ ಇನ್ನಷ್ಟು ಸುಳ್ಳಾಗುತ್ತದೆ.

ನಮ್ಮ ಮನೆಗಳಿಗೆ ಈ ಪದ ಬಂದದ್ದು ಸಿಇಟಿಯಿಂದ. ಅಲ್ಲಿ ಕಟ್‌ಆಫ್ ಎಂದರೆ ರ‍್ಯಾಂಕು, ಅಂಕವಲ್ಲ. ‘ಕಟ್‌ಆಫ್ ಏರಿತು’ ಎಂದರೆ ಸಿಇಟಿ ಬರೆದವರಿಗೆ ಸಂತೋಷ, ಕೆನಡಾಕ್ಕೆ ಕಾಯುವವರಿಗೆ ಸಂಕಟ. ಹೀಗೆ ಒಂದೊಂದು ಸಲ ಕರೆಯುವುದಕ್ಕಿರುವ ‘ಡ್ರಾ’ ಎಂಬ ಮಾತಂತೂ ಅಕ್ಕನಿಗೆ ಚೀಟಿ ಎತ್ತುವುದನ್ನೇ ನೆನಪಿಸುತ್ತದೆ. ಅದನ್ನು ‘ಸುತ್ತು’ ಎಂದು ಬದಲಿಸಿದ್ದೇನೆ.

ನಿಜವಾದ ತೊಡಕು ಇರುವುದು ಮುಂದಿನ ಸುತ್ತಿನ ಕೊನೆಯ ಅಂಕವನ್ನು ಮುಂಚಿತವಾಗಿ ಹೇಳುವ ಕೆಲಸದ ಹೆಸರಿನಲ್ಲಿ. ಹುಡುಗ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಸುತ್ತಿನ ತಾರೀಖು, ಕರೆದವರ ಸಂಖ್ಯೆ, ಕೊನೆಯ ಅಂಕ ಎಂದು ಮೂರು ಸಾಲು ಮಾಡಿಕೊಂಡಿದ್ದಾನೆ. ಪಕ್ಕದಲ್ಲಿ ಪೆನ್ಸಿಲಿನಿಂದ ಮುಂದಿನ ಸುತ್ತಿನ ಅಂಕ ಬರೆದು, ಅಳಿಸಿ, ಮತ್ತೆ ಬರೆದು ಕಾಗದ ತೆಳುವಾಗಿದೆ. ಮದುವೆಯಾಗದ ಅವನಿಗೆ 30 ತುಂಬಿದ ದಿನ ವಯಸ್ಸಿನ ಅಂಕ 110ರಿಂದ 105ಕ್ಕೆ ಇಳಿಯುವುದರಿಂದ ಅವನ ಆತುರಕ್ಕೆ ಕಾರಣವಿದೆ. ಈ ಕೆಲಸವನ್ನು ‘ಭವಿಷ್ಯ’ ಎಂದರೆ ರಾಶಿಫಲದ ವಾಸನೆ ಬರುತ್ತದೆ. ‘ಮುನ್ಸೂಚನೆ’ ಮಳೆಗೆ ಒಪ್ಪುತ್ತದೆ, ಆದರೆ ಅದರಲ್ಲಿ ಇಲಾಖೆಯೇ ಎಚ್ಚರಿಸಿದ ಧ್ವನಿಯಿದೆ. ‘ಊಹೆ’ ಎಂದರೆ ಹುಡುಗನ ನೋಟ್‌ಬುಕ್ಕಿಗೆ ಅವಮಾನ.

ಕನ್ನಂಬಾಡಿ ಕಟ್ಟೆಯ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ನೋಡುವ ನಮಗೆ ಈ ಲೆಕ್ಕ ಹೊಸದೇನಲ್ಲ. 124.80 ಅಡಿ ಯಾವಾಗ ಮುಟ್ಟುತ್ತದೆಂದು ಹೇಳಲು ನಿನ್ನೆಯ ಮಟ್ಟವೊಂದೇ ಸಾಲದು, ಒಳಹರಿವು ಹೊರಹರಿವು ಎರಡೂ ಬೇಕು. ಹಾಗೆಯೇ ಇಲ್ಲಿ ಹೊಸದಾಗಿ ಸೇರುವವರ ಅಂಕಗಳೂ ಕರೆಯುವವರ ಸಂಖ್ಯೆಯೂ ಬೇಕು. ಎರಡನೆಯದು ಸರ್ಕಾರದ ಕೈಯಲ್ಲಿದೆ. 2021ರ ಫೆಬ್ರವರಿ 13ರಂದು, ಕೆನಡಾದಲ್ಲೇ ಕೆಲಸ ಮಾಡಿದ ಅನುಭವವಿದ್ದವರ ಒಂದು ಸುತ್ತಿನಲ್ಲಿ, 27,332 ಮಂದಿಯನ್ನು ಒಮ್ಮೆಲೇ ಕರೆದಾಗ ಕೊನೆಯ ಅಂಕ 75ಕ್ಕೆ ಕುಸಿಯಿತು. ಹಿಂದಿನ ಸುತ್ತುಗಳ ಸರಾಸರಿ ಹಿಡಿದು ಕುಳಿತವರಿಗೆ ಸಿಕ್ಕುವ ಅಂಕವಲ್ಲ ಅದು. ತೂಬು ಎತ್ತುವವನ ಮನಸ್ಸನ್ನು ಲೆಕ್ಕಕ್ಕೆ ತರುವುದು ಹೇಗೆ?

ಸದ್ಯಕ್ಕೆ ‘ಅಂದಾಜು’ ಎಂದೇ ಬರೆದಿದ್ದೇನೆ. ಪಾರಸಿಯಿಂದ ಬಂದದ್ದಾದರೂ ನಮ್ಮದೇ ಆಗಿಹೋದ ಮಾತು; ತಪ್ಪಬಹುದೆಂಬ ವಿನಯವೂ ಅದರಲ್ಲಿದೆ. ಆದರೆ ಕಚೇರಿಗಳ ‘ಅಂದಾಜು ಪಟ್ಟಿ’ಯಿಂದಾಗಿ ಅದಕ್ಕೆ ಖರ್ಚಿನ ಅರ್ಥವೂ ಅಂಟಿಕೊಂಡಿದೆ. ‘ಮುನ್ನಂದಾಜು’ ಎಂದರೆ ಆ ತೊಡಕು ತಪ್ಪುತ್ತದೆ, ಅಕ್ಕನ ಬಾಯಲ್ಲಿ ಮಾತ್ರ ಅದು ನಿಲ್ಲುವುದಿಲ್ಲ. ಮಂಡ್ಯದ ಕಡೆ, ನಿಂತ ಕಬ್ಬನ್ನು ಬದುವಿನಿಂದಲೇ ನೋಡಿ ಇಷ್ಟು ಟನ್ ಬರುತ್ತದೆಂದು ಹೇಳುವವರಲ್ಲಿ ಇದಕ್ಕೆ ಬೇರೆ ಮಾತೇನಾದರೂ ಬಳಕೆಯಲ್ಲಿದ್ದರೆ, ಬಲ್ಲವರು ದಯವಿಟ್ಟು ತಿಳಿಸಬೇಕು.